ಎದುರುದಾರರಿಗೊಂದು ಪ್ರತಿ

ನ್ಯಾಯದ ಮೊದಲ ಲಕ್ಷಣ ಯಾವುದೆಂದರೆ, ಒಬ್ಬನ ಮೇಲೆ ಹೇಳುವ ದೂರನ್ನು ಅವನ ಕಿವಿಗೂ ಬೀಳುವಂತೆ ಹೇಳುವುದು. ಹೈಸ್ಕೂಲಿನಲ್ಲಿ ಮುಖ್ಯೋಪಾಧ್ಯಾಯನಾಗಿದ್ದಷ್ಟು ಕಾಲ ನಾನು ಈ ಮಾತನ್ನು ಪ್ರಾರ್ಥನೆಯ ಹೊತ್ತಿಗೆ ಮಕ್ಕಳಿಗೆ ಹೇಳುತ್ತಿದ್ದೆ. ಹೆಸರಿಲ್ಲದ ದೂರಿನ ಚೀಟಿಗಳನ್ನು ಎಲ್ಲರೆದುರು ಹರಿದು ಹಾಕುತ್ತಿದ್ದೆ. ನಿವೃತ್ತನಾದ ಮೇಲೆ ಕೂಡ್ಲಿಗಿಯ ಕೋರ್ಟಿನಲ್ಲಿ ಇದೇ ಮಾತನ್ನು ನ್ಯಾಯಾಧೀಶರು ನನಗೇ ಹೇಳಿದಾಗ, ಈ ತತ್ತ್ವದಲ್ಲಿ ಎಲ್ಲೋ ಒಂದು ದೋಷವಿದೆಯೆಂದು ನನಗೆ ಮೊದಲ ಸಲ ಅನ್ನಿಸಿತು. ಯಾಕೆಂದರೆ ಆ ಹೊತ್ತಿಗೆ ನಮ್ಮ ಎಮ್ಮೆ ಎಂಟು ತಿಂಗಳ ಗಬ್ಬವಾಗಿತ್ತು.

ಸಂಗತಿ ಇಷ್ಟು. ಕೊಟ್ಟೂರಿನಲ್ಲಿ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಐದಡಿ ಅಗಲದ ಒಂದು ಸಂದಿ. ಹಿತ್ತಲಿನ ಕೊಟ್ಟಿಗೆಯಿಂದ ಎಮ್ಮೆ ಬೀದಿಗೆ ಬರಬೇಕಾದರೆ ಅದೊಂದೇ ದಾರಿ. ಪಕ್ಕದ ಮನೆಯ ಯಜಮಾನರು ಬಸ್ಸಿನ ಕಂಡಕ್ಟರಾಗಿ ನಿವೃತ್ತರಾದವರು. ನಿವೃತ್ತರಾದ ಮೂರನೆಯ ತಿಂಗಳು ಹಳೆಯ ಟ್ರಂಕಿನಲ್ಲಿ ಅವರಿಗೊಂದು ಕಾಗದ ಸಿಕ್ಕಿತು. ಅದರ ಪ್ರಕಾರ ಸಂದಿ ಪೂರ್ತಿ ಅವರದು. ಮರುದಿನ ಸಂದಿಯ ಬಾಯಿಗೆ ಮೂರು ಚಪ್ಪಡಿ ಕಲ್ಲು ನೆಟ್ಟರು. ಕಲ್ಲಿನ ಹಿಂದೆ ಒಂದು ಕರಿಬೇವಿನ ಸಸಿಯನ್ನೂ ಹಚ್ಚಿ, ಅದಕ್ಕೆ ದಿನಾ ಬೆಳಿಗ್ಗೆ ನಾನು ನೋಡುವ ಹೊತ್ತಿಗೆ ಸರಿಯಾಗಿ ನೀರು ಹಾಕತೊಡಗಿದರು.

ನಾನು ದಾವೆ ಹೂಡಿದೆ. ಕೊಟ್ಟೂರಿನವರಾದ ನಮಗೆ ಅದು ನಡೆಯುವುದು ಕೂಡ್ಲಿಗಿಯಲ್ಲಿ. ದಾವೆ ತೀರ್ಮಾನವಾಗುವ ತನಕ ಎಮ್ಮೆ ಏನು ಮಾಡಬೇಕು ಎಂಬುದನ್ನು ಯಾವ ಕಾಯ್ದೆಯೂ ಹೇಳಿರಲಿಲ್ಲವಾದ್ದರಿಂದ, ಅದು ದಿನಕ್ಕೆರಡು ಸಲ ಹಿತ್ತಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಬೀದಿಗೆ ಹೋಗಿ ಅದೇ ಕ್ರಮದಲ್ಲಿ ವಾಪಸ್ಸಾಗುತ್ತಿತ್ತು. ನನ್ನ ಹೆಂಡತಿ ಮುಂದೆ ಮುಂದೆ ಗೋಣಿಚೀಲ ಹಾಸುವಳು. ನಾನು ಹಿಂದೆ ಹಿಂದೆ ಬಕೆಟ್ಟು ಹಿಡಿದು ನಡೆಯುವೆ. ಬೀಗರು ಬಂದಿದ್ದ ದಿನವೂ ಈ ಮೆರವಣಿಗೆ ತಪ್ಪಲಿಲ್ಲ. ಬೀಗರು ಕಾಲು ಮೇಲೆತ್ತಿಕೊಂಡು ಸೋಫಾದ ಮೇಲೆ ಕೂತು, ಏನೂ ಆಗಿಲ್ಲವೆಂಬಂತೆ ಮಳೆಯ ವಿಷಯ ಮಾತಾಡಿದರು.

ಉಳಿದ ಬಾಗಿಲುಗಳೇನೋ ದೊಡ್ಡವು; ಅಡುಗೆಮನೆಯಿಂದ ಹಿತ್ತಲಿಗಿದ್ದ ಬಾಗಿಲಿನ ಅಗಲ ಎರಡಡಿ ಎಂಟಿಂಚು. ಮನೆ ಕಟ್ಟಿಸುವಾಗ ಗೌಂಡಿಗೆ "ಅಡುಗೆಮನೆಗೆ ಇಷ್ಟು ಸಾಕು" ಎಂದವನು ನಾನೇ ಎಂಬುದನ್ನು ನನ್ನ ಹೆಂಡತಿ ಆ ದಿನಗಳಲ್ಲಿ ಆಗಾಗ ನೆನಪಿಸುತ್ತಿದ್ದಳು. ಎಮ್ಮೆಯಾದರೋ ವಾರದಿಂದ ವಾರಕ್ಕೆ ಅಗಲವಾಗುತ್ತಿತ್ತು. ದನದ ಡಾಕ್ಟರು ಬಂದು ಬಾಗಿಲನ್ನೂ ನೋಡಿದರು, ಎಮ್ಮೆಯನ್ನೂ ನೋಡಿದರು.

"ಸರ, ಇನ್ನ ದಿನಾ ಹೋದಂಗ ಇದನ್ನ ಈ ಬಾಗಲದಾಗ ತುರುಕಬ್ಯಾಡ್ರಿ. ಹೊಟ್ಟಿಗೆ ಪೆಟ್ಟು ಬಿತ್ತಂದ್ರ ತಾಯಿನೂ ಇಲ್ಲ, ಕರೂನೂ ಇಲ್ಲ."

"ಹಂಗಾದ್ರ ಹಿತ್ತಲದಾಗ ಕಟ್ಟಿ ಹಾಕ್ಲೇನು?"

"ಕಟ್ಟಿ ಹಾಕಿದ್ರೂ ಕಷ್ಟ ಐತ್ರಿ. ಅದು ಅಡ್ಡಾಡಬೇಕು."

ಎಂದರೆ ಹೊರಗೆ ಹೋಗಲೂ ಬೇಕು, ಹೋಗಲೂ ಬಾರದು. ಉಳಿದದ್ದು ಸಂದಿ. ಎಮ್ಮೆ ಈಯುವುದರೊಳಗೆ ಆ ಮೂರು ಕಲ್ಲು ತೆಗೆಸಬೇಕು. ಅದಕ್ಕೆ ಒಂದು ಮಧ್ಯಂತರ ಅರ್ಜಿ ಹಾಕಬೇಕು, ದಾವೆ ಮುಗಿಯುವ ತನಕ ದಾರಿ ಬಿಡಿಸಿ ಎಂದು. ನಮ್ಮ ವಕೀಲರಿಗೆ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಮೂರೂ ಕೋರ್ಟುಗಳಲ್ಲಿ ಕೆಲಸ. ಆದ್ದರಿಂದ ನಾನು ಹೋದಾಗಲೆಲ್ಲ ಅವರು ಉಳಿದೆರಡರಲ್ಲಿ ಇರುತ್ತಿದ್ದರು. ಕಾದು ಬೇಸತ್ತು ನಾನೇ ಒಂದು ಕಾಗದ ಬರೆದೆ. ನ್ಯಾಯಾಧೀಶರಿಗೆ, ನೇರವಾಗಿ, ನಾಲ್ಕು ಪುಟ, ಮಾರ್ಜಿನ್ನು ಬಿಟ್ಟು. ಎಮ್ಮೆಯ ಸ್ಥಿತಿಯನ್ನು ವಿವರಿಸಿ, ಬಾಗಿಲಿನ ಚಿತ್ರ ಬರೆದು, ಕೆಳಗೆ "ತಮ್ಮ ವಿಧೇಯ" ಎಂದು ಸಹಿ ಮಾಡಿ ಅಂಚೆಗೆ ಹಾಕಿದೆ.

ಮುಂದಿನ ವಾಯಿದೆಯ ದಿನ ನ್ಯಾಯಾಧೀಶರು ಆ ಕಾಗದವನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದರು.

"ಇದನ್ನು ಬರೆದವರು ಯಾರು?"

ನಾನು ಎದ್ದು ನಿಂತೆ. ಸ್ವಲ್ಪ ಹೆಮ್ಮೆಯಿಂದಲೇ ನಿಂತೆ.

"ಅಕ್ಷರ ಚೆನ್ನಾಗಿದೆ ಮೇಷ್ಟ್ರೇ. ಇದರ ಪ್ರತಿ ಎದುರುದಾರರಿಗೆ ಕೊಟ್ಟಿದ್ದೀರಾ?"

"ಇಲ್ಲ ಸ್ವಾಮಿ. ಇದು ತಮಗೆ ಬರೆದದ್ದು."

"ನನಗೊಬ್ಬನಿಗೇ ಬರೆದದ್ದನ್ನು ನಾನು ಓದುವ ಹಾಗಿಲ್ಲ. ನಿಮಗೆ ಗೊತ್ತಾಗದ ಹಾಗೆ ಅವರು ನನಗೊಂದು ಕಾಗದ ಬರೆದರೆ ನಿಮಗೆ ಒಪ್ಪಿಗೆಯಾ?"

ಕಟಕಟೆಯ ಆಚೆ ಬದಿಗೆ ನಮ್ಮ ಕಂಡಕ್ಟರು ಕೈಕಟ್ಟಿ ನಿಂತಿದ್ದರು. ಅವರ ಮುಖದಲ್ಲಿ ಸಂವಿಧಾನದ ಮೇಲಿನ ಭಕ್ತಿ ತುಂಬಿ ತುಳುಕುತ್ತಿತ್ತು. ಕಾಗದ ಓದಿಸಿಕೊಳ್ಳದೆ ನನ್ನ ಕೈಗೆ ವಾಪಸ್ಸು ಬಂತು.

ಹೊರಗೆ ಬೇವಿನ ಮರದ ಕೆಳಗೆ ವಕೀಲರು ನನಗೆ ಪಾಠ ಮಾಡಿದರು. ಕೋರ್ಟಿಗೆ ಏನು ಕೊಟ್ಟರೂ ಅದರದೊಂದು ಪ್ರತಿ ಎದುರಿನವರಿಗೆ ಮುಟ್ಟಿಸಬೇಕು. ಮುಟ್ಟಿತು ಎಂಬುದಕ್ಕೆ ನಮ್ಮ ಪ್ರತಿಯ ಮೇಲೆ ಅವರ ಸಹಿ ಬೇಕು. ಸಹಿ ಬಂದ ಮೇಲೆಯೇ ವಿಚಾರಣೆ. ಸಾಮಾನ್ಯವಾಗಿ ಇದು ಒಂದು ನಿಮಿಷದ ಕೆಲಸ. ಎರಡೂ ಕಡೆಯ ವಕೀಲರು ಚಹಾ ಕುಡಿಯುತ್ತಲೇ ಕಾಗದ ಕೊಟ್ಟು ಸಹಿ ತೆಗೆದುಕೊಂಡುಬಿಡುತ್ತಾರೆ.

"ಆದ್ರ ನಿಮ್ಮ ಕಂಡಕ್ಟ್ರು ತಮ್ಮ ವಕೀಲರನ್ನ ಬಿಡಿಸ್ಯಾರ್ರಿ. ಒಂದು ವಾಯಿದೆಗೆ ಅವರು ಹನ್ನೆರಡು ನಿಮಿಷ ತಡಾ ಮಾಡಿ ಬಂದ್ರಂತ. ಬಸ್ಸು ಬಿಟ್ಟ ಮ್ಯಾಲೆ ಬಂದೋರನ್ನ ನಾ ಹತ್ತಿಸ್ಕಣಲ್ಲ ಅಂದ್ರಂತ. ಈಗ ತಮ್ಮ ವಾದ ತಾವ ಮಾಡ್ತಾರ. ಹಂಗಾಗಿ ನೀವು ಅವರ ಕೈಗೇ ಕೊಡಬೇಕು."

ಅವರ ಕೈಗೆ! ಕಲ್ಲು ನೆಟ್ಟ ದಿನದಿಂದ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ; ನೋಡಿದರೂ ನೋಡಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಲು ನೋಡಿದ್ದೆವು. ಹೆಂಗಸರ ಮಾತು ಬೇರೆ. ದಾವೆ ಗಂಡಸರದ್ದು ಎಂದು ಅವರಿಬ್ಬರೂ ಯಾವ ಕೋರ್ಟಿಗೂ ಹೋಗದೆ ಮೊದಲೇ ತೀರ್ಮಾನ ಮಾಡಿಕೊಂಡಿದ್ದರು. ಹಿತ್ತಲುಗಳ ನಡುವಿನ ಕಾಂಪೌಂಡಿನ ಮೇಲೆ ಚಟ್ನಿಪುಡಿ, ಹುಣಸೆಹಣ್ಣು, ಸಾರಿನ ಬಟ್ಟಲು ಹಿಂದಿನಂತೆಯೇ ಓಡಾಡುತ್ತಿದ್ದವು. ಎಮ್ಮೆ ಹಾಲು ಬತ್ತಿಸುವ ತನಕ ಕಂಡಕ್ಟರ ಮನೆಗೆ ದಿನಾ ವರ್ತನೆ ಹಾಲು ಹೋಗುತ್ತಿದ್ದದ್ದೂ ನಮ್ಮ ಮನೆಯಿಂದಲೇ. ಯಾವ ಎಮ್ಮೆಯ ದಾರಿಗೆ ಕಲ್ಲು ನೆಟ್ಟಿದ್ದರೋ ಅದೇ ಎಮ್ಮೆಯ ಹಾಲಿನ ಚಹಾ ಕುಡಿದು ಅವರು ನನ್ನ ವಿರುದ್ಧ ವಾದ ಬರೆಯುತ್ತಿದ್ದರು.

"ಕೊಡ್ರಿ ಇಲ್ಲಿ," ಎಂದಳು ನನ್ನ ಹೆಂಡತಿ. "ನೀವು ಹೋಗಿ ಕೊಟ್ರ ಜಗಳ. ನಾ ಕೊಟ್ರ ಬರೇ ಕಾಗದ."

ವಕೀಲರು ಅಂತೂ ಬರೆದುಕೊಟ್ಟ ಅರ್ಜಿಯ ಎರಡು ಸೆಟ್ಟು, ಅವರಿಗೊಂದು, ಸಹಿ ಮಾಡಿ ವಾಪಸ್ಸು ಕೊಡಲೊಂದು, ಜಿಡ್ಡು ಹತ್ತಬಾರದೆಂದು ಸ್ಟೀಲಿನ ಡಬ್ಬಿಯೊಳಗೆ ಸುತ್ತಿಟ್ಟು ಕಾಂಪೌಂಡಿನ ಮೇಲಿಂದ ಕಂಡಕ್ಟರ ಹೆಂಡತಿಗೆ ಕೊಟ್ಟಳು. "ಯಕ್ಕಾ, ಇದು ಅವರಿಗಂತ" ಎಂದು ಅವಳು ಹೇಳಿದ್ದನ್ನು ನಾನು ಕಿಟಕಿಯಿಂದ ಕೇಳಿದೆ. ಸಹಿಯ ವಿಷಯ ಹೇಳಿದ್ದು ಕೇಳಲಿಲ್ಲ.

ಸಂಜೆ ಡಬ್ಬಿ ವಾಪಸ್ಸು ಬಂತು. ಮುಚ್ಚಳ ತೆಗೆದರೆ ಒಳಗೆ ಶೇಂಗಾ ಉಂಡಿ. ಹನ್ನೊಂದು.

ನಮ್ಮ ಕಡೆ ಒಬ್ಬರ ಮನೆಯ ಪಾತ್ರೆಯನ್ನು ಬರಿದಾಗಿ ವಾಪಸ್ಸು ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕುತ್ತಾರೆ. ಡಬ್ಬಿಯಲ್ಲಿ ಬಂದದ್ದು ಕೋಸಂಬರಿಯೋ ಕೋರ್ಟಿನ ಅರ್ಜಿಯೋ ಎಂದು ನೋಡಿ ಈ ಪದ್ಧತಿ ಬದಲಾಗುವುದಿಲ್ಲ.

"ಸಹಿ ಎಲ್ಲೈತಿ?" ಎಂದೆ.

"ಕೇಳಿದ್ನಿ. ಎಲ್ಡೂ ಇಟ್ಗೊಂಡಾರಂತ. ಎರಡು ಕೊಟ್ರಲ್ಲ, ಎರಡೂ ನಮಗಂತ ತಿಳಿದ್ವಿ ಅಂದ್ಲು ಯಕ್ಕ. ಮುಟ್ಟಿತು ಅನ್ನಾಕ ಉಂಡಿ ಕಳಿಸೀನಲ್ಲ, ಮತ್ತೇನು ಸಹಿ ಅಂತ ಕೇಳಿದ್ಲು."

ಅದೂ ನ್ಯಾಯವೇ ಎನ್ನಿಸಿ ನಾನು ಒಂದು ಉಂಡಿ ತಿಂದೆ. ಆ ವಾರ ಪೂರ್ತಿ ತಿಂದೆ.

ವಾಯಿದೆಯ ದಿನ ಪ್ರತಿ ಮುಟ್ಟಿದೆಯೇ ಎಂದು ನ್ಯಾಯಾಧೀಶರು ಕೇಳಿದರು. ಮುಟ್ಟಿದೆ ಎಂದೆ. ಕಂಡಕ್ಟರು ಕೈ ಎತ್ತಿದರು.

"ಸ್ವಾಮಿ, ಡಬ್ಬಿ ಬಂದಿದ್ದು ಖರೆ. ಅದು ಹೆಣ್ಮಕ್ಕಳ ವ್ಯವಹಾರ. ಅದ್ರಾಗ ಏನಿತ್ತು, ಏನು ಹೋತು, ನಾ ಕೇಳಾಕ ಹೋಗಲ್ಲ."

"ಸ್ವೀಕೃತಿ ಏನಾದರೂ ಇದೆಯೇ?" ಎಂದು ನ್ಯಾಯಾಧೀಶರು ನನ್ನ ಕಡೆ ತಿರುಗಿದರು.

"ಉಂಡೆಗಳು ಬಂದಿವೆ ಸ್ವಾಮಿ."

ವಕೀಲರು ನನ್ನ ಕಾಲು ತುಳಿದರು. ತಡವಾಗಿತ್ತು.

"ಹಾಜರುಪಡಿಸುತ್ತೀರಾ?"

"ಉಳಿದಿಲ್ಲ."

ನ್ಯಾಯಾಧೀಶರು ಪ್ರತಿ ಸರಿಯಾಗಿ ಜಾರಿಯಾಗಲಿ ಎಂದು ಮುಂದಿನ ವಾಯಿದೆ ಕೊಟ್ಟರು. ಎಮ್ಮೆಗೆ ಒಂಬತ್ತು ತಿಂಗಳು ತುಂಬಿತು; ಈಯುವುದು ಹತ್ತಕ್ಕೆ.

ಕೂಡ್ಲಿಗಿಯಿಂದ ಕೊಟ್ಟೂರಿಗೆ ಆ ಹೊತ್ತಿಗೆ ಒಂದೇ ಬಸ್ಸು. ವಾದಿ ಪ್ರತಿವಾದಿ ಇಬ್ಬರೂ ಅದರಲ್ಲೇ ಬರಬೇಕು. ಕಂಡಕ್ಟರು ಹಳೆಯ ರೂಢಿಯಂತೆ ಬಾಗಿಲ ಹತ್ತಿರದ ಸೀಟಿನಲ್ಲಿ ಕೂತು, ಕರ್ತವ್ಯದಲ್ಲಿದ್ದ ತರುಣ ಕಂಡಕ್ಟರಿಗೆ ಬಸ್ಸಿಗೆಲ್ಲ ಕೇಳುವಂತೆ ಉಪದೇಶ ಮಾಡಿದರು:

"ನೋಡಪಾ ತಮ್ಮಾ, ಸಹಿ ಇಲ್ಲದ ಕಾಗದ, ಟಿಕೀಟಿಲ್ಲದ ಪ್ಯಾಸೆಂಜರು, ಎಲ್ಡೂ ಒಂದ. ಎಷ್ಟು ಓದಿದೋರಿದ್ರೂ ಕೆಳಗ ಇಳಸಬೇಕು."

ನಾನು ಕಿಟಕಿಯಿಂದಾಚೆ ಮೆಕ್ಕೆಜೋಳದ ಹೊಲಗಳನ್ನು ನೋಡುತ್ತಾ ಕೂತೆ.

ಇನ್ನು ಹೆಂಗಸರ ಸಹವಾಸ ಬೇಡವೆಂದು ಪ್ರತಿಯನ್ನು ಸ್ವೀಕೃತಿ ಚೀಟಿಯ ಸಮೇತ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ಗೋಡೆಯಾಚೆಯ ಮನೆಗೆ, ಕೆಮ್ಮಿದರೆ ಕೇಳುವಷ್ಟು ದೂರಕ್ಕೆ. ಮೂರನೆಯ ದಿನ ನಾನು ಎಮ್ಮೆಯನ್ನು ಅಡ್ಡಾಡಿಸಿಕೊಂಡು ಮನೆಗೆ ಬಂದರೆ ಟಿ.ವಿ.ಯ ಮೇಲೆ ಒಂದು ದಪ್ಪ ಲಕೋಟೆ.

"ಏನಿದು?"

"ಯಕ್ಕನ ಮನಿಗೆ ಬಂದಿದ್ದು. ಅವರು ಮಗಳ ಮನಿಗೆ ಚಿಗಟೇರಿಗೆ ಹೋಗ್ಯಾರ. ಕೀಲಿ ಹಾಕಿತ್ತು, ಅಂಚಿಯಣ್ಣ ನನ್ನ ಕೈಗೆ ಕೊಟ್ಟು ಹೋದ."

"ನೀನು ಸಹಿ ಮಾಡಿದ್ಯಾ?"

"ಯಾವಾಗ್ಲೂ ಮಾಡ್ತೀನಲ್ಲ? ಅವರು ಇಲ್ಲದಾಗ ನಾವು, ನಾವು ಇಲ್ಲದಾಗ ಅವರು. ಇದೇನು ಹೊಸಾದೇನು?"

ಲಕೋಟೆಯ ಮೇಲೆ ನನ್ನ ಅಕ್ಷರ. ನ್ಯಾಯಾಧೀಶರು ಮೆಚ್ಚಿದ ಅಕ್ಷರ.

"ಯಾರು ಕಳಿಸಿದ್ದು ಅಂತ ನೋಡಬಾರದಾಗಿತ್ತೇನು?"

"ಮಂದಿ ಕಾಗದ ಯಾರಿಂದ ಬಂತು ಅಂತ ಹಣಿಕಿ ನೋಡೋ ಚಟ ನನಗಿಲ್ರೀ."

ಹೀಗೆ ನಾನು ನನ್ನ ಖರ್ಚಿನಲ್ಲಿ, ನನ್ನ ಹೆಂಡತಿಯ ಸಹಿಯೊಂದಿಗೆ, ನನ್ನ ಪ್ರತಿಯನ್ನು ನನಗೇ ಜಾರಿ ಮಾಡಿಕೊಂಡೆ. ಇಂಥ ಸಾಧನೆ ಕೂಡ್ಲಿಗಿ ಕೋರ್ಟಿನ ಇತಿಹಾಸದಲ್ಲಿ ಮೊದಲನೆಯದು ಎಂದು ವಕೀಲರು ಫೋನಿನಲ್ಲಿ ಹೇಳಿದರು. ಅವರು ಆಗ ಹರಪನಹಳ್ಳಿಯಲ್ಲಿದ್ದರು.

ಎರಡು ದಿನದ ಮೇಲೆ, ಬೆಳಗಿನ ಒಂಬತ್ತು ಗಂಟೆಗೆ, ಎಮ್ಮೆ ಅಡುಗೆಮನೆಯ ಬಾಗಿಲಲ್ಲಿ ಸಿಕ್ಕಿಕೊಂಡಿತು. ಮುಂದಿನ ಅರ್ಧ ಒಳಗೆ, ಹಿಂದಿನ ಅರ್ಧ ಹಿತ್ತಲಲ್ಲಿ. ಒಳಗೆ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು, ಹಿಂದೆ ನಾನು.

"ರೀ, ಹಿಂದಕ ಜಗ್ರಿ!"

"ಜಗ್ಗಾಕತ್ತೀನಿ!"

"ಬಾಲ ಜಗ್ಗಬ್ಯಾಡ್ರೀ, ಪಾಪ! ಹೊಟ್ಟಿಗೆ ಹತ್ತೈತಿ ಚೌಕಟ್ಟು!"

ಎಮ್ಮೆ ಒಂದು ಸಲ ಉಸಿರುಬಿಟ್ಟು ಸುಮ್ಮನೆ ನಿಂತುಕೊಂಡಿತು. ಅದರ ಕಣ್ಣಿನಲ್ಲಿ ಭಯವಿತ್ತು ಎಂದು ಹೆಂಡತಿ ಆಮೇಲೆ ಹೇಳಿದಳು. ನನಗೆ ಆ ಕಡೆ ಕಾಣಿಸುತ್ತಿರಲಿಲ್ಲ, ಕಾಲು ನಡುಗುತ್ತಿದ್ದದ್ದು ಮಾತ್ರ ಕಾಣಿಸುತ್ತಿತ್ತು. ನಾನು ಅದರ ಬೆನ್ನ ಮೇಲೆ ಕೈಯಿಟ್ಟುಕೊಂಡೇ ಓಣಿಯ ಬಡಗಿಗೆ ಫೋನು ಮಾಡಿದೆ. ಅವನು ಬಂದು ಗೋಡೆಯಿಂದ ಚೌಕಟ್ಟನ್ನು ಕಿತ್ತು ತೆಗೆಯುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಹೆಂಡತಿ ಅದರ ಕೊರಳು ಸವರುತ್ತಾ ರೊಟ್ಟಿ ತಿನ್ನಿಸಿದಳು. ಚೌಕಟ್ಟು ಹೋದ ಮೇಲೆ ಬಾಗಿಲಿನ ಅಗಲ ಮೂರಡಿ ನಾಲ್ಕಿಂಚಾಯಿತು. ಎಮ್ಮೆ ಸುಣ್ಣದ ಧೂಳು ಮೈಗೆ ಬಳಿದುಕೊಂಡು ಈಚೆ ಬಂತು. ಡಾಕ್ಟರು ನೋಡಿ, ಈ ಸಲ ಪಾರಾಯಿತು ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟು ಬಂದಾಗ ಬೇರೆಯವರು ಬೈಯುತ್ತಾರೆ, ನಾನು ಬರೆಯುತ್ತೇನೆ. ಆ ಮಧ್ಯಾಹ್ನವೇ ಒಂದು ಹೆಚ್ಚುವರಿ ಹೇಳಿಕೆ ಬರೆದೆ. ನ್ಯಾಯಾಲಯದಿಂದ ಏನನ್ನೂ ಮುಚ್ಚಿಡಬಾರದಲ್ಲ? ಎಮ್ಮೆ ಸಿಕ್ಕಿಕೊಂಡದ್ದು, ಬಡಗಿ ಬಂದದ್ದು, ಚೌಕಟ್ಟು ಕಿತ್ತದ್ದು, ಈಗಿನ ಅಗಲ ಮೂರಡಿ ನಾಲ್ಕಿಂಚು, ಎಲ್ಲವನ್ನೂ ಕ್ರಮಸಂಖ್ಯೆ ಹಾಕಿ ಬರೆದೆ. ಚೌಕಟ್ಟಿಲ್ಲದ ಅಡುಗೆಮನೆಗೆ ನಾಯಿ ನುಗ್ಗುತ್ತಿರುವುದನ್ನೂ ಬಿಡಲಿಲ್ಲ. ಇದನ್ನು ಓದಿದರೆ ಕಲ್ಲು ನೆಟ್ಟವನಿಗೂ ಕಣ್ಣಲ್ಲಿ ನೀರು ಬರಬೇಕೆಂಬುದು ನನ್ನ ಅಂದಾಜು.

ವಾಯಿದೆಯ ದಿನ ಬಸ್ಸಿನಲ್ಲಿ ಕಂಡಕ್ಟರು ಇದ್ದರು. ಚಿಗಟೇರಿಯಿಂದ ಹಿಂದಿನ ದಿನವಷ್ಟೇ ಬಂದಿದ್ದರು. ನಾನು ಹೋಗಿ ಅವರ ಪಕ್ಕದ ಸೀಟಿನಲ್ಲೇ ಕೂತುಬಿಟ್ಟೆ. ಬಸ್ಸಿನಲ್ಲಿದ್ದ ಕೊಟ್ಟೂರಿನವರೆಲ್ಲ ಕತ್ತು ಹೊರಳಿಸಿ ನೋಡಿದರು.

"ಕಂಡಕ್ಟ್ರೇ, ತಗೋರಿ. ಅರ್ಜಿ ಒಂದು, ಹೆಚ್ಚಿನ ಹೇಳಿಕೆ ಒಂದು. ಇಲ್ಲಿ ಸಹಿ ಮಾಡ್ರಿ."

ಅವರು ಕನ್ನಡಕ ಹಾಕಿಕೊಂಡರು. ಬೆರಳಿಗೆ ಎಂಜಲು ಹಚ್ಚಿ ಟಿಕೀಟಿನ ಕಟ್ಟು ಎಣಿಸಿದಂತೆ ಪುಟ ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಮೂರನೆಯ ಪುಟದ ಹತ್ತಿರ ಬೆರಳು ನಿಂತಿತು.

"ಮಾಸ್ತರ್ರೇ, ಇದ್ರಾಗ ಕೆಳಗಿನ ಸಾಲು ಬಿದ್ದಿಲ್ಲ. ಜೆರಾಕ್ಸ್‌ನಾಗ ಕಟ್ಟಾಗೈತಿ."

"ಒಂದು ಸಾಲು ತಾನೇ. ಬಾಯಿಲೆ ಹೇಳ್ತೀನಿ."

"ಹರಕು ಟಿಕೀಟು ನಾ ತಗಳಂಗಿಲ್ರಿ."

ಕೂಡ್ಲಿಗಿಯಲ್ಲಿ ಇಳಿದು ವಾದಿ, ಪ್ರತಿವಾದಿ ಇಬ್ಬರೂ ಜೊತೆಯಾಗಿ ಜೆರಾಕ್ಸ್ ಅಂಗಡಿಗೆ ಹೋದೆವು. ಅವರು ಮಷೀನಿನ ಪಕ್ಕ ನಿಂತು ಕೊನೆಯ ಸಾಲು ಬಂತೇ ಎಂದು ಬಗ್ಗಿ ನೋಡಿದರು. ಬಂದ ಮೇಲೆ ನನ್ನದೇ ಪೆನ್ನು ಇಸಿದುಕೊಂಡು ಸಹಿ ಮಾಡಿ, ತಾರೀಖು ಹಾಕಿ, ಗಂಟೆ ನಿಮಿಷ ಹಾಕಿ, ಬಂದ ಬಸ್ಸಿನ ನಂಬರನ್ನೂ ಬರೆದರು. ಪೆನ್ನು ತಮ್ಮ ಜೇಬಿಗೆ ಹಾಕಿಕೊಂಡರು. ನಾನು ಕೇಳಲಿಲ್ಲ. ಅಷ್ಟು ಸಂತೋಷವಾಗಿತ್ತು.

ಸಹಿ ನೋಡಿ ವಕೀಲರೂ ಸಂತೋಷಪಟ್ಟರು. ಹೆಚ್ಚುವರಿ ಹೇಳಿಕೆಯನ್ನು ಓದತೊಡಗಿದ ಮೇಲೆ ಅವರ ಸಂತೋಷ ಇಳಿಯುತ್ತಾ ಬಂತು.

"ಇದನ್ನ ಬರೀರಿ ಅಂದೋರು ಯಾರ್ರಿ ನಿಮಗ?"

"ನಡದದ್ದು ಬರದೀನಿ."

"ಅವರಿಗೆ ಕೊಟ್ರೇನು?"

"ಕೊಟ್ಟು ಸಹಿ ತಗೊಂಡೀನಿ."

ಅವರು ಹೇಳಿಕೆಯನ್ನು ಮಡಿಸಿ, ನನ್ನನ್ನು ಬಹಳ ಮರುಕದಿಂದ ನೋಡಿದರು. "ಒಂದು ಮಾತು ನನಗ ಕೇಳಿದ್ರ ಆಗ್ತಿತ್ತು" ಎಂದರು. ಕೇಳುವುದಕ್ಕೆ ಅವರು ಎಲ್ಲಿದ್ದರು ಎಂಬುದನ್ನು ನಾನೂ ಹೇಳಲಿಲ್ಲ.

ತಕರಾರು ಸಲ್ಲಿಸಲು ಕಂಡಕ್ಟರು ವಾರದ ಸಮಯ ಕೇಳಿದರು. ಐದನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಸರಿಯಾಗಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಮ್ಮ ಗೇಟಿನ ಹೊರಗೆ ನಿಂತರು. ಒಳಗೆ ಬರ್ರಿ ಎಂದು ನಾನೂ ಅನ್ನಲಿಲ್ಲ, ಅವರೂ ಬರಲಿಲ್ಲ. ಪುಟಸಂಖ್ಯೆ, ವಿಷಯಸೂಚಿ, ಪಿನ್ನು, ಎಲ್ಲ ಇದ್ದ ನಿರ್ದೋಷವಾದ ಪ್ರತಿ. ನನ್ನ ಸೇವಾವಧಿಯಲ್ಲಿ ಯಾವ ಗುಮಾಸ್ತನಿಂದಲೂ ಅಷ್ಟು ಅಚ್ಚುಕಟ್ಟಾದ ಕಡತ ನಾನು ಕಂಡಿರಲಿಲ್ಲ. ಸಹಿ ಮಾಡಿಕೊಟ್ಟೆ. ಅವರ ಪೆನ್ನಿನಲ್ಲಿ, ಅಂದರೆ ನನ್ನದರಲ್ಲಿ.

ಪಡಸಾಲೆಯಲ್ಲಿ ಕೂತು ಗಟ್ಟಿಯಾಗಿ ಓದಿದೆ. ಆರನೆಯ ಕಂಡಿಕೆ ಹೀಗಿತ್ತು: ವಾದಿಯು ತನ್ನ ಹೆಚ್ಚುವರಿ ಹೇಳಿಕೆಯಲ್ಲಿ ತಾನೇ ಒಪ್ಪಿಕೊಂಡಿರುವಂತೆ, ಚೌಕಟ್ಟು ತೆಗೆದ ನಂತರ ಸದರಿ ಬಾಗಿಲಿನ ಅಗಲ ಮೂರಡಿ ನಾಲ್ಕಿಂಚು ಇದ್ದು, ಸದರಿ ಎಮ್ಮೆಯು ಅದರೊಳಗಿಂದ ಸಲೀಸಾಗಿ ಹೋಗಿ ಬರುತ್ತಿರುತ್ತದೆ, ಆದಕಾರಣ ಬದಲಿ ದಾರಿ ಇರುವುದು ವಾದಿಯ ಬಾಯಿಂದಲೇ ಸಾಬೀತಾಗಿದ್ದು, ಅರ್ಜಿಯಲ್ಲಿ ಯಾವ ತುರ್ತೂ ಇರುವುದಿಲ್ಲ.

ಏಳನೆಯ ಕಂಡಿಕೆ: ದಾವೆಯ ದ್ವೇಷದಿಂದ ವಾದಿಯು ಪ್ರತಿವಾದಿಯ ಮನೆಗೆ ವರ್ತನೆ ಹಾಲು ನಿಲ್ಲಿಸಿರುತ್ತಾನೆ.

ಆರನೆಯದನ್ನು ನನ್ನ ಹೆಂಡತಿ ಅಕ್ಕಿ ಆರಿಸುತ್ತಲೇ ಕೇಳಿದಳು. ಏಳನೆಯದಕ್ಕೆ ಎದ್ದು ಕಾಂಪೌಂಡಿನ ಹತ್ತಿರ ಹೋದಳು.

"ಯಕ್ಕಾ! ನಿಮ್ಮನಿಯೋರು ಮೂವತ್ತು ವರ್ಷ ಬಸ್ಸಿನಾಗ ಬಸರೆಂಗಸರಿಗೆ ಸೀಟು ಕೊಡಿಸ್ಯಾರಲ್ಲ, ತುಂಬಿದ ಗಬ್ಬದ ಎಮ್ಮಿ ಹಾಲು ಹಿಂಡಂಗಿಲ್ಲ ಅಂಬೋದು ಗೊತ್ತಿಲ್ಲೇನು ಅವರಿಗೆ?"

ಆ ಕಡೆಯಿಂದ ದನಿ ಬಂತು: "ನನಗೇನು ತೋರಿಸ್ಯಾರೇನವ್ವಾ? ಕೋರ್ಟಿಗೆ, ನಿಮ್ಮನಿಯೋರಿಗೆ ತೋರಿಸ್ಯಾರ. ಮನಿ ಹೆಂಡತಿಗೊಂದು ಕಾಪಿ ಕೊಡಬೇಕು ಅಂತ ಕಾನೂನಿನಾಗ ಇಲ್ಲಂತ!"

ವಿಚಾರಣೆಯ ದಿನ ನ್ಯಾಯಾಧೀಶರು ಎರಡೂ ಕಡೆಯ ಕಾಗದ ಓದಿದರು. ಪ್ರತಿಗಳು ಮುಟ್ಟಿದ್ದವು, ಸಹಿಗಳು ಇದ್ದವು, ಯಾರೂ ಯಾರಿಂದಲೂ ಏನನ್ನೂ ಮುಚ್ಚಿಟ್ಟಿರಲಿಲ್ಲ. ಮೂರಡಿ ನಾಲ್ಕಿಂಚು ಎಂಬುದು ನಿಜವೇ ಎಂದು ನನ್ನನ್ನು ಕೇಳಿದರು. ನಿಜ ಎಂದೆ. ಎಮ್ಮೆ ಈಗ ಹೋಗಿ ಬರುತ್ತಿದೆಯೇ ಎಂದರು. ಬರುತ್ತಿದೆ, ಆದರೆ ಮೈ ತಾಗುತ್ತದೆ ಎಂದೆ. ಬರುತ್ತಿದೆ ಎಂಬುದನ್ನು ಬರೆದುಕೊಂಡರು. ಸಂದಿ ಯಾರದು ಎಂಬುದು ಮೂಲ ದಾವೆಯಲ್ಲಿ ಸಾಕ್ಷ್ಯದ ಮೇಲೆ ತೀರ್ಮಾನವಾಗಬೇಕಾದ ವಿಷಯ, ಅಲ್ಲಿಯ ತನಕ ಕಲ್ಲು ತೆಗೆಸುವಂಥ ತುರ್ತು ಕಾಣುವುದಿಲ್ಲ ಎಂದರು.

ಮಧ್ಯಂತರ ಅರ್ಜಿ ವಜಾ ಆಯಿತು. ಅದಾದ ಹನ್ನೊಂದನೆಯ ದಿನ ಬೆಳಿಗ್ಗೆ, ಹಿತ್ತಲಿನಿಂದ ಬೀದಿಗೆ ಹೋಗುವ ದಾರಿಯಲ್ಲಿ, ಎಮ್ಮೆ ನಮ್ಮ ಪಡಸಾಲೆಯಲ್ಲೇ ಈದಿತು, ಹೆಣ್ಣುಗರು.